ಒಂದು ಕೊಡ ನೀರಿನಲ್ಲಿ ಎಷ್ಟು ವಿಜ್ಞಾನ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



'ವಿಜ್ಞಾನ ಮತ್ತು ತಂತ್ರಜ್ಞಾನದ ವಿವಿಧ ವಿಷಯಗಳ ಪರಿಚಯ' ಎಂಬುದು ನನಗೆ ಕೊಟ್ಟ ವಿಷಯ. ಭೌತಶಾಸ್ತ್ರ ಎಂದರೇನು, ರಸಾಯನಶಾಸ್ತ್ರ ಎಂದರೇನು ಎಂದು ಒಂದೊಂದಾಗಿ ವ್ಯಾಖ್ಯೆ ಹೇಳುತ್ತ ಹೋದರೆ ನೀವು ಆಕಳಿಸುತ್ತೀರಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಅದಕ್ಕೇ ನಾನು ಒಂದೇ ಒಂದು ವಸ್ತುವನ್ನು ತೆಗೆದುಕೊಳ್ಳುತ್ತೇನೆ. ಅದು ನಿಮ್ಮ ಮನೆಯ ಪಡಸಾಲೆಯಲ್ಲೋ ಅಡುಗೆ ಮನೆಯಲ್ಲೋ ಇರುವ ಒಂದು ಕೊಡ ಬೋರಿನ ನೀರು. ಆ ಕೊಡದ ಸುತ್ತ ಎಷ್ಟು ವಿಜ್ಞಾನಗಳು ಕುಳಿತಿವೆ ನೋಡೋಣ.

ಮೊದಲು ಈ ನೀರು ಎಲ್ಲಿಂದ ಬಂತು? ಇದು ಭೂವಿಜ್ಞಾನದ ಪ್ರಶ್ನೆ. ಗಂಗಾವತಿ, ಕನಕಗಿರಿ ಭಾಗದಲ್ಲಿ ನೀವು ಕಾಣುವ ಗುಡ್ಡ, ಗುಂಡುಗಳೆಲ್ಲ ಗ್ರಾನೈಟ್ ಮತ್ತು ಅದರ ಬಂಧುಗಳಾದ ಹಳೆಯ ಶಿಲೆಗಳು. ರಾಮನಗರದ ಕಡೆಯಿಂದ ನಮ್ಮ ಭಾಗದವರೆಗೆ ಉದ್ದಕ್ಕೆ ಹಬ್ಬಿರುವ ಒಂದು ಗ್ರಾನೈಟ್ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಚಪ್ಪಡಿ ಎಬ್ಬಿಸಿ ನಿಲ್ಲಿಸಿದ ನೂರಾರು ಕಲ್ಮನೆಗಳಿವೆ. ನೀವು ಅವನ್ನು ಮೋರ್ಯರ ಮನೆಗಳು ಎಂದು ಕೇಳಿರಬಹುದು. ಆ ಕಲ್ಲು ಯಾವ ಕಡೆಗೆ ಸೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭೂವಿಜ್ಞಾನದ ಮೊದಲ ಪಾಠವನ್ನು ನಮ್ಮ ನೆಲದವರು ಕೈಯಿಂದಲೇ ಕಲಿತಿದ್ದರು.

ಈ ಕಲ್ಲು ಮರಳಿನ ಹಾಗೆ ನೀರು ಹೀರುವುದಿಲ್ಲ. ಅದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಒಬ್ಬರ ಹೊಲದಲ್ಲಿ ಎರಡಿಂಚು ನೀರು ಬಿದ್ದು, ಪಕ್ಕದ ಹೊಲದಲ್ಲಿ ಬರೀ ಧೂಳು ಹಾರುವುದು ಇದೇ ಕಾರಣಕ್ಕೆ. ಅದು ಹಣೆಬರಹದ ಮಾತಲ್ಲ, ಕೊರೆದ ತೂತಿಗೆ ಬಿರುಕು ಸಿಕ್ಕಿತೋ ಇಲ್ಲವೋ ಎಂಬ ಮಾತು. ಬಿರುಕು ಹುಡುಕಲು ಭೌತಶಾಸ್ತ್ರ ನೆರವಿಗೆ ಬರುತ್ತದೆ. ನೆಲದಲ್ಲಿ ನಾಲ್ಕು ಸರಳು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಬಂಡೆ ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ನೀರು ತುಂಬಿದ ಬಿರುಕಿನ ಕಲ್ಲು ಕಡಿಮೆ ತಡೆ ಒಡ್ಡುತ್ತದೆ. ನೀವು ಹತ್ತನೆಯ ತರಗತಿಯಲ್ಲಿ ಓದುವ ಓಮನ ನಿಯಮವೇ ಇದು. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ನಾನು ಹಂಗಿಸುವುದಿಲ್ಲ. ಆದರೆ ಸಾಲ ಮಾಡಿ ಬೋರು ಹಾಕಿಸುವ ಅಪ್ಪನಿಗೆ "ಮೊದಲು ಸರಳು ನೆಟ್ಟು ನೋಡಿಸೋಣ" ಎಂದು ಹೇಳಬಲ್ಲ ಮಗಳು ಮನೆಯಲ್ಲಿದ್ದರೆ ಒಳ್ಳೆಯದು. ಸರಳು ಕೂಡ ಕೆಲವೊಮ್ಮೆ ತಪ್ಪು ದಾರಿ ತೋರಿಸಬಹುದು. ಆದರೆ ಎಲ್ಲಿ ತಪ್ಪಿತು ಎಂದು ಲೆಕ್ಕ ಬಿಡಿಸಿ ನೋಡಲು ಅಲ್ಲಿ ಅವಕಾಶವಿದೆ.

ನೀರು ಸಿಕ್ಕಿತು ಎನ್ನಿ. ಅದನ್ನು ಮೇಲೆತ್ತಬೇಕು. ಇದು ವಿದ್ಯುತ್ ಮತ್ತು ಯಂತ್ರ ಇಂಜಿನಿಯರಿಂಗ್‌ನ ಕೆಲಸ. ನೂರು ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು 9.8 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಯೂನಿಟ್ ಕರೆಂಟ್ ಎಂದರೆ 36 ಲಕ್ಷ ಜೂಲ್. ಅಂದರೆ ಲೆಕ್ಕದಲ್ಲಿ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಮೋಟಾರು ಮತ್ತು ಪಂಪಿನಲ್ಲಿ ಆಗುವ ನಷ್ಟ ಸೇರಿದರೆ ಸುಮಾರು ಅರ್ಧ ಯೂನಿಟ್. ನೀರು ಇನ್ನೂರು ಮೀಟರಿಗೆ ಇಳಿದರೆ ಖರ್ಚು ಎರಡು ಪಟ್ಟು. ಅಂತರ್ಜಲ ಕುಸಿಯಿತು ಎಂದು ಪತ್ರಿಕೆಯಲ್ಲಿ ಓದಿದಾಗ ಈ ಗುಣಾಕಾರ ನಿಮಗೆ ನೆನಪಾಗಲಿ.

ಈಗ ನೀರು ಕೊಡಕ್ಕೆ ಬಂತು. ಕಣ್ಣಿಗೆ ತಿಳಿ, ಬಾಯಿಗೆ ಸಿಹಿ. ಕುಡಿಯಬಹುದೇ? ಇಲ್ಲಿಂದ ಮುಂದೆ ನನ್ನ ಸ್ವಂತ ವಿಷಯ, ರಸಾಯನಶಾಸ್ತ್ರ. ನಾನು ಈ ಕೊಡವನ್ನೇ ಆರಿಸಿಕೊಂಡದ್ದೂ ಇದಕ್ಕಾಗಿಯೇ.

ಕೊಪ್ಪಳ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಇದನ್ನು ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ. ನಮ್ಮ ಗ್ರಾನೈಟಿನೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಇದೆ. ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿದ್ದರೆ ಇನ್ನಷ್ಟು ಕರಗುತ್ತದೆ. ಹಾಗಾಗಿ ಸವಳು ನೀರು ಕೆಟ್ಟದ್ದು, ಸಿಹಿ ನೀರು ಒಳ್ಳೆಯದು ಎಂಬ ನಮ್ಮ ನಾಲಗೆಯ ತೀರ್ಪು ಇಲ್ಲಿ ನಡೆಯುವುದಿಲ್ಲ. ಫ್ಲೋರೈಡಿಗೆ ಆ ಪ್ರಮಾಣದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಒಂದು ಮಿಲಿಗ್ರಾಂ ಎಷ್ಟು? ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಂದು ಗ್ರಾಂ, ಒಂದು ಚಿಟಿಕೆ ಉಪ್ಪಿನಷ್ಟು. ಅಷ್ಟು ಸಣ್ಣ ಅಂಶ ಮನುಷ್ಯನಿಗೆ ಏನು ಮಾಡೀತು ಎಂದು ನೀವು ಕೇಳಬಹುದು. ಅದಕ್ಕೆ ಜೀವಶಾಸ್ತ್ರ ಮತ್ತು ವೈದ್ಯಶಾಸ್ತ್ರ ಉತ್ತರ ಕೊಡುತ್ತವೆ. ನಮ್ಮ ಹಲ್ಲು, ಎಲುಬು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನಿಂದ ಆದ ಹರಳು. ಫ್ಲೋರೈಡ್ ಆ ಹರಳಿನೊಳಗೆ ಸೇರಿಕೊಳ್ಳುತ್ತದೆ. ಸುಮಾರು ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವ ಕಾಲದಲ್ಲಿ ಅದು ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಹಳದಿ, ಕಂದು ಗೆರೆ ಮೂಡುತ್ತವೆ. ಹತ್ತಿಪ್ಪತ್ತು ವರ್ಷ ಹೆಚ್ಚಿನ ಪ್ರಮಾಣದಲ್ಲೇ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ.

ಒಬ್ಬ ಹುಡುಗ ಒಮ್ಮೆ ನನ್ನನ್ನು ಕೇಳಿದ: "ಸರ್, ಟೂತ್‌ಪೇಸ್ಟಿನ್ಯಾಗ ಇದನ್ನ ಹಾಕ್ತಾರಲ್ರೀ?" ಒಳ್ಳೆಯ ಪ್ರಶ್ನೆ. ಸ್ವಲ್ಪ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಪೇಸ್ಟನ್ನು ನಾವು ಉಗುಳುತ್ತೇವೆ, ನೀರನ್ನು ನುಂಗುತ್ತೇವೆ. ಮದ್ದೋ ವಿಷವೋ ಎಂಬುದನ್ನು ಪ್ರಮಾಣ ತೀರ್ಮಾನಿಸುತ್ತದೆ. ವೈದ್ಯಶಾಸ್ತ್ರದ ಮೊದಲ ಪುಟವೇ ಅದು.

ಮಕ್ಕಳೆ, ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ನಿಮ್ಮಲ್ಲಿ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನಾನು ಈ ಭಾಗದ ಎಷ್ಟೋ ಶಾಲೆಗಳಲ್ಲಿ ಕಂಡಿದ್ದೇನೆ. ಆ ಕಲೆ ಹಲ್ಲುಜ್ಜದ್ದರಿಂದ ಬಂದದ್ದಲ್ಲ. ಕೊಳಕಿನ ಗುರುತಲ್ಲ. ಅದು ನೆಲದ ಕಲ್ಲು ನೀರಿನಲ್ಲಿ ಬರೆದ ಬರಹ. ಕೈ ಇಳಿಸಿ ನಗಿರಿ. ಗೆಳೆಯರನ್ನು ಅದಕ್ಕಾಗಿ ಯಾರಾದರೂ ಹಂಗಿಸಿದರೆ ಈ ರಸಾಯನಶಾಸ್ತ್ರವನ್ನು ಅವರಿಗೆ ಪಾಠ ಮಾಡಿರಿ.

ಹಾಗಾದರೆ ಪರಿಹಾರ? ಕಾಯಿಸಿದರೆ ಸರಿಹೋಗುತ್ತದೆಯೇ? ಇಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ, ಆದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿ ಉಳಿಯುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನ ರೂಪಿಸಿದರು. ಈಗ ತೆಲಂಗಾಣದಲ್ಲಿರುವ ನಲಗೊಂಡ ಜಿಲ್ಲೆ ಈ ತೊಂದರೆಯಿಂದ ಬಹಳ ನರಳಿದ ಜಾಗ. ಹಾಗಾಗಿ ಅದಕ್ಕೆ ನಲಗೊಂಡ ವಿಧಾನ ಎಂದೇ ಹೆಸರು. ಇನ್ನು ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನು ತುಂಬುವ ಶುದ್ಧ ನೀರಿನ ಘಟಕ ನಿಮಗೆ ಗೊತ್ತೇ ಇದೆ. ಒಣದ್ರಾಕ್ಷಿ ನೀರು ಹೀರಿ ಉಬ್ಬುವ ಅಭಿಸರಣದ ಪಾಠ ಓದಿದ್ದೀರಲ್ಲ, ಒತ್ತಡ ಹಾಕಿ ಅದನ್ನೇ ತಿರುಗುಮುರುಗು ಮಾಡಿದರೆ ಆ ಘಟಕ. ಪೊರೆಯ ಆಚೆ ನೀರು ಹೋಗುತ್ತದೆ, ಲವಣ ಈಚೆ ಉಳಿಯುತ್ತದೆ. ಹಾಗೆ ಉಳಿದ ಗಟ್ಟಿ ನೀರನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವುದೇ ಪರಿಸರ ಇಂಜಿನಿಯರಿಂಗ್.

ಅಲ್ಲಿ ಪೆನ್ನಿನಂಥ ಮೀಟರು ಅದ್ದಿ "ನೀರು ಶುದ್ಧ" ಎನ್ನುವುದನ್ನು ಕಂಡಿರಬಹುದು. ಅದು ಕರಗಿದ ಒಟ್ಟು ಲವಣದ ಅಂದಾಜು ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಅದಕ್ಕೆ ತಿಳಿಯದು. ಫ್ಲೋರೈಡಿಗೆ ಬೇರೆಯೇ ಪರೀಕ್ಷೆ ಇದೆ. ಜಿರ್ಕೋನಿಯಂ ಸೇರಿದ ಒಂದು ಕೆಂಪು ದ್ರಾವಣಕ್ಕೆ ನೀರು ಹಾಕಿದರೆ, ಫ್ಲೋರೈಡ್ ಇದ್ದಷ್ಟೂ ಬಣ್ಣ ಮಾಸುತ್ತದೆ. ಜಲಜೀವನ ಮಿಷನ್ ಅಡಿ ಊರಿನ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ತಾಯಂದಿರು ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಗಣಿತವನ್ನು ಮರೆಯುವಂತಿಲ್ಲ. ಮಳೆನೀರಿನಲ್ಲಿ ಕಲ್ಲಿನ ಫ್ಲೋರೈಡ್ ಇರುವುದಿಲ್ಲ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ಆರ್.ಸಿ.ಸಿ. ಮನೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 36,000 ಲೀಟರ್. ಅರ್ಧ ಪೋಲಾಗಲಿ, 18,000 ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರಿನಂತೆ ವರ್ಷಕ್ಕೆ 9,125 ಲೀಟರ್ ಸಾಕು. ಈ ಲೆಕ್ಕ ಏಳನೆಯ ತರಗತಿಯದು. ಆದರೆ ಇದನ್ನು ಮಾಡಿ ನೋಡಿದ ಮನೆ ಎಷ್ಟಿವೆ?

ಇನ್ನು ಅಂತರಿಕ್ಷ ವಿಜ್ಞಾನ. ಕೊಡಕ್ಕೂ ಉಪಗ್ರಹಕ್ಕೂ ಏನು ಸಂಬಂಧ ಎನ್ನಬೇಡಿ. ಉಪಗ್ರಹ ಚಿತ್ರದಲ್ಲಿ ಕಾಣುವ ಉದ್ದನೆಯ ಬಿರುಕುಗೆರೆಗಳನ್ನು ಹಿಡಿದು ಅಂತರ್ಜಲದ ನಕ್ಷೆ ಮಾಡುತ್ತಾರೆ. ಆ ನಕ್ಷೆ ಓದಿಸುವುದು ಗಣಕವಿಜ್ಞಾನ. 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತಯಾರಾಯಿತು. ಆ ತಂಡವನ್ನು ನಡೆಸಿದ ಯು.ಆರ್. ರಾವ್ ಅವರು ಉಡುಪಿ ಬಳಿಯ ಅದಮಾರು ಎಂಬ ಹಳ್ಳಿಯವರು.

ಈಗ ದಾರಿಯ ಮಾತು. "ಸೈನ್ಸ್ ಕಷ್ಟ, ಇಂಗ್ಲಿಷ್ ಬರೋದಿಲ್ಲ" ಎಂದು ಎಷ್ಟೋ ಜಾಣ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಸ್ಸೆಸ್ಸೆಲ್ಸಿಗೇ ವಿಜ್ಞಾನ ಬಿಡುತ್ತಾರೆ. ಇಂಗ್ಲಿಷ್ ಪದಗಳು ಮೊದಲ ಆರು ತಿಂಗಳು ಕಾಡುತ್ತವೆ, ಆಮೇಲೆ ಅವೂ ಪರಿಚಯದವರಾಗುತ್ತವೆ. ಪಿಯುಸಿ ಒಂದೇ ದಾರಿಯಲ್ಲ. ಐಟಿಐ, ಪಾಲಿಟೆಕ್ನಿಕ್ ಡಿಪ್ಲೊಮಾ ಇವೆ. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು ಈ ಭಾಗದವರಿಗೆ ಮೀಸಲು. ಪಾಲಕರು ಈ ಪ್ರಮಾಣಪತ್ರವನ್ನು ಕೊನೆಯ ವಾರದವರೆಗೆ ಬಿಡದೆ ಮೊದಲೇ ಮಾಡಿಸಿ ಇಡಬೇಕು.

ಕೊನೆಗೆ ಒಂದು ಬೇಡಿಕೆ. ಐವತ್ತು ವರ್ಷದ ನೆನಪಿಗೆ ಶಾಲೆಯಲ್ಲಿ ಕಲ್ಲು ನೆಡುತ್ತೇವೆ, ಒಳ್ಳೆಯದು. ಜೊತೆಗೆ ಒಂದು ದಪ್ಪ ನೋಟುಬುಕ್ಕನ್ನೂ ಇಡೋಣ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ, ಊರಿನ ಪ್ರತಿಯೊಂದು ಬೋರಿನ ನೀರಿನ ಮಟ್ಟ ಮತ್ತು ಫ್ಲೋರೈಡನ್ನು ಒಂಬತ್ತನೆಯ ತರಗತಿಯ ಮಕ್ಕಳು ಅಳೆದು, ತಾರೀಖು ಹಾಕಿ ಬರೆಯಲಿ. ಮಿತಿ ಮೀರಿದ ಬೋರಿನ ಹೆಸರನ್ನು ಪಂಚಾಯಿತಿಗೆ ಬರಹದಲ್ಲಿ ಕೊಡಲಿ. ಮೊದಲ ಪರೀಕ್ಷೆಗೆ ಬೇಕಾದ ಕಿಟ್ಟನ್ನು ನಾನು ತರುತ್ತೇನೆ, ಹೇಗೆ ಮಾಡಬೇಕೆಂದು ತೋರಿಸಿಯೂ ಹೋಗುತ್ತೇನೆ. ದಿನ ಗೊತ್ತುಮಾಡುವುದು ಮುಖ್ಯೋಪಾಧ್ಯಾಯರಿಗೆ ಬಿಟ್ಟದ್ದು. ಕೊಡ ತರುವುದು ನಿಮ್ಮ ಕೆಲಸ.