ಊರಲ್ಲೇ ದೊಡ್ಡ ಡಾಕ್ಟರ ಸಲಹೆ



ಪಟ್ಟಣದ ಡಾಕ್ಟರ ಹತ್ತಿರ ಹೋಗೋದು ಅಂದ್ರೆ ನಾವು ಮೊದಲು ಲೆಕ್ಕ ಹಾಕೋದು ಬಸ್ ಚಾರ್ಜು, ಹೋದ ಕೂಲಿ, ಸಂಜೆ ಹಾಲು ಕರೆಯೋರು ಯಾರು ಅಂತ. ಅಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ.

2002ರಲ್ಲಿ ಇಸ್ರೋದವರು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ಅಲ್ಲಿ ತೆಗೆದ ಇಸಿಜಿಯನ್ನು ಹೃದಯತಜ್ಞರು ಬೆಂಗಳೂರಿನಲ್ಲೇ ಕೂತು ನೋಡುತ್ತಿದ್ದರು. ಯಾರನ್ನು ಕೂಡಲೇ ಸಾಗಿಸಬೇಕು, ಯಾರಿಗೆ ಅಲ್ಲೇ ಔಷಧಿ ಸಾಕು ಎಂದು ಗೊತ್ತಾಗುತ್ತಿತ್ತು. ಚಿಕ್ಕ ಊರಿನ ಡಾಕ್ಟರಿಗೂ ಕೇಳಲು ಒಬ್ಬರು ಸಿಕ್ಕರು. ಇದೇ ದೊಡ್ಡ ಲಾಭ ಅಂತ ನಮಗನ್ನಿಸುತ್ತೆ.

ಈಗ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲಿನಿಂದಲೇ ಉಚಿತ ಸಲಹೆ ಸಿಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಅನುಕೂಲ. ಮುಟ್ಟಿ ನೋಡಬೇಕಾದ ಹೊಟ್ಟೆನೋವಿಗೆ ಆಗೋಲ್ಲ. ಎದೆನೋವು ಬಂದರಂತೂ ಫೋನ್ ಹಿಡಿದು ಸಲಹೆ ಕೇಳುತ್ತಾ ಕೂರಬೇಡಿ, 108ಕ್ಕೆ ಹೇಳಿ.

ಮೊಬೈಲು ಬಾರದ ಹಿರಿಯರಿಗಾಗಿ ಸಂಘದ ಕಚೇರಿಯಲ್ಲಿ ವಾರಕ್ಕೊಂದು ದಿನ ಈ ವ್ಯವಸ್ಥೆ ಆಗಲಿ ಅಂತ ಆಡಳಿತ ಮಂಡಳಿಯಲ್ಲಿ ಕೇಳುತ್ತೇವೆ.