ಮರಳಿ ಬಂದ ಹಿಟ್ಲರ್ ಮತ್ತು ನಗುವ ಓದುಗ



2012ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ಒಂದು ಕಾದಂಬರಿಯ ಮುಖಪುಟದಲ್ಲಿ ಮುಖವೇ ಇರಲಿಲ್ಲ. ಬಿಳಿಯ ಹಾಳೆಯ ಮೇಲೆ ಓರೆಯಾಗಿ ಬಾಚಿದ ಕಪ್ಪು ಕೂದಲು. ಕೆಳಗೆ, ಮೀಸೆ ಇರಬೇಕಾದಲ್ಲಿ, ಚೌಕವಾಗಿ ಜೋಡಿಸಿದ ಶೀರ್ಷಿಕೆ: ‘ಏರ್ ಇಸ್ಟ್ ವೀಡರ್ ಡಾ’. ಅವನು ಮರಳಿ ಬಂದಿದ್ದಾನೆ ಎಂದು ಅರ್ಥ. ಬೆಲೆ 19.33 ಯೂರೊ. ಹಿಟ್ಲರ್ ಅಧಿಕಾರಕ್ಕೇರಿದ ವರ್ಷವನ್ನೇ ಬೆಲೆಯಾಗಿಸಿದ್ದು ಜಾಣತನವೂ ಹೌದು, ತುಸು ಅಗ್ಗದ ಚೇಷ್ಟೆಯೂ ಹೌದು. ಪುಸ್ತಕವಂತೂ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಲೇಖಕ ಟಿಮೂರ್ ವೆರ್ಮೆಸ್ ಪತ್ರಕರ್ತ. ಪರರ ಹೆಸರಿನಲ್ಲಿ ಪುಸ್ತಕ ಬರೆದುಕೊಟ್ಟ ಅನುಭವವೂ ಇದ್ದವನು. ಇನ್ನೊಬ್ಬರ ದನಿಯನ್ನು ಹೊಕ್ಕು ಬರೆಯುವ ಆ ಅಭ್ಯಾಸವೇ ಈ ಕೃತಿಯ ಬಲ. ಕಥೆಯನ್ನು ಹೇಳುವವನು ಸ್ವತಃ ಹಿಟ್ಲರ್. 2011ರ ಬರ್ಲಿನ್ನಿನ ಒಂದು ಖಾಲಿ ನಿವೇಶನದಲ್ಲಿ, ಪೆಟ್ರೋಲ್ ವಾಸನೆಯ ಸಮವಸ್ತ್ರದಲ್ಲಿ ಅವನು ಎಚ್ಚರಗೊಳ್ಳುತ್ತಾನೆ. ಹೇಗೆ, ಏಕೆ ಎಂಬ ವಿವರಣೆಯ ಗೋಜಿಗೆ ಲೇಖಕ ಹೋಗುವುದಿಲ್ಲ. ಪತ್ರಿಕೆ ಮಾರುವ ಗೂಡಂಗಡಿಯಲ್ಲಿ ತುರ್ಕಿ ಪತ್ರಿಕೆಗಳನ್ನು ಕಂಡು, ಯುದ್ಧದ ಕೊನೆಗೆ ತುರ್ಕಿ ತನ್ನ ನೆರವಿಗೆ ಬಂದಿರಬೇಕೆಂದು ಗಂಭೀರವಾಗಿ ಊಹಿಸುತ್ತಾನೆ. ಓದುಗ ಇಲ್ಲಿ ನಗುತ್ತಾನೆ, ಅವನನ್ನು ನೋಡಿ ನಗುತ್ತಾನೆ. ಮುಂದಿನ ನೂರು ಪುಟಗಳಲ್ಲಿ ಆ ನಗು ಯಾವಾಗ ದಿಕ್ಕು ಬದಲಿಸಿತೆಂಬುದು ಅವನಿಗೇ ತಿಳಿಯುವುದಿಲ್ಲ. ಟಿವಿಯ ಅಡುಗೆ ಕಾರ್ಯಕ್ರಮಗಳನ್ನು, ಪೊಳ್ಳು ರಾಜಕಾರಣಿಗಳನ್ನು ಹಿಟ್ಲರ್ ಹಳಿಯುವಾಗ ಓದುಗ ತಲೆಯಾಡಿಸುತ್ತಿರುತ್ತಾನೆ. ಈಗ ಅವನು ನಗುತ್ತಿರುವುದು ಹಿಟ್ಲರನ ಜೊತೆಗೆ.

ಕಾದಂಬರಿಯಲ್ಲಿ ಯಾರೂ ವಂಚಿತರಲ್ಲ ಎಂಬುದು ಗಮನಾರ್ಹ. ಹಿಟ್ಲರ್ ಒಂದೇ ಒಂದು ಸುಳ್ಳನ್ನೂ ಹೇಳುವುದಿಲ್ಲ; ತನ್ನ ಹೆಸರನ್ನೂ ಉದ್ದೇಶವನ್ನೂ ಬಿಚ್ಚಿಡುತ್ತಾನೆ. ಪಾತ್ರದೊಳಗೆ ಮುಳುಗಿದ ಅದ್ಭುತ ನಟನೆಂದು ಎಲ್ಲರೂ ಮೆಚ್ಚುತ್ತಾರೆ. ಯಹೂದಿಗಳ ವಿಷಯ ತಮಾಷೆಯದಲ್ಲ ಎಂದು ಟಿವಿ ಸಂಸ್ಥೆಯ ಅಧಿಕಾರಿಣಿ ಎಚ್ಚರಿಸಿದಾಗ ಅವನು ಮನಸಾರೆ ಒಪ್ಪುತ್ತಾನೆ. ಇಬ್ಬರ ಮಾತೂ ಒಂದೇ, ಅರ್ಥಗಳ ನಡುವೆ ಅರುವತ್ತು ಲಕ್ಷ ಹೆಣಗಳಿವೆ. ಅವನು ಹಿಟ್ಲರನನ್ನು ಅಣಕಿಸುತ್ತಿದ್ದಾನೆಂದು ಭಾವಿಸಿ ನವನಾಜಿಗಳು ಥಳಿಸಿದಾಗಂತೂ ಪ್ರಜಾಪ್ರಭುತ್ವವಾದಿ ಪಕ್ಷಗಳೇ ಅವನನ್ನು ಆಹ್ವಾನಿಸುತ್ತವೆ.

ಕೃತಿಯ ಕಠಿಣ ಪರೀಕ್ಷೆ ಅವನ ಕಾರ್ಯದರ್ಶಿ ಕುಮಾರಿ ಕ್ರೋಮಯರ್ ಪ್ರಸಂಗದಲ್ಲಿದೆ. ಆಕೆಯ ಅಜ್ಜಿಯ ಮನೆಯವರನ್ನು ವಿಷಾನಿಲದಿಂದ ಕೊಲ್ಲಲಾಗಿತ್ತು. ಅಜ್ಜಿಗೆ ಈ ನಗು ಸಹ್ಯವಲ್ಲ. ಮೊಮ್ಮಗಳು ಕೆಲಸ ಬಿಡಲು ಸಿದ್ಧಳಾಗುತ್ತಾಳೆ. ಹಿಟ್ಲರ್ ಮಾತಿನಿಂದಲೇ ಆಕೆಯನ್ನು ಉಳಿಸಿಕೊಳ್ಳುತ್ತಾನೆ. ಅಜ್ಜಿಗೆ ಇಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ. ಉತ್ತಮಪುರುಷ ನಿರೂಪಣೆಯ ಅನಿವಾರ್ಯ ಮಿತಿ ಇದೆಂದು ಸಮರ್ಥಿಸಬಹುದು. ಆದರೆ ಹಂತಕನಿಗೆ ಇಡೀ ಪುಸ್ತಕವನ್ನೂ ಸಂತ್ರಸ್ತೆಗೆ ಪರೋಕ್ಷ ವರದಿಯನ್ನೂ ಕೊಟ್ಟ ಹೊಣೆಯಿಂದ ಲೇಖಕ ಪಾರಾಗುವುದಿಲ್ಲ. ಚಾಪ್ಲಿನ್ 1940ರ ‘ದಿ ಗ್ರೇಟ್ ಡಿಕ್ಟೇಟರ್’ ಬಗ್ಗೆ ಮುಂದೆ ಬರೆಯುತ್ತಾ, ಯಾತನಾ ಶಿಬಿರಗಳ ನಿಜಸ್ಥಿತಿ ತಿಳಿದಿದ್ದರೆ ಆ ಚಿತ್ರವನ್ನು ಮಾಡಲಾಗುತ್ತಿರಲಿಲ್ಲ ಎಂದಿದ್ದ. ವೆರ್ಮೆಸ್‌ಗೆ ಎಲ್ಲವೂ ತಿಳಿದಿತ್ತು.

2015ರಲ್ಲಿ ಡೇವಿಡ್ ವ್ನೆಂಟ್ ನಿರ್ದೇಶಿಸಿದ ಚಲನಚಿತ್ರ ಈ ಕೊರತೆಯನ್ನು ಅರಿತಂತಿದೆ. ಅಲ್ಲಿ ಮರೆವಿನ ಕಾಯಿಲೆಯ ಅಜ್ಜಿ ಅವನನ್ನು ಗುರುತಿಸುವವಳು. ಅಂದೂ ಜನ ಮೊದಲು ನಕ್ಕಿದ್ದರೆಂದು ನೆನಪಿಸುವವಳು. ನಟ ಒಲಿವರ್ ಮಸೂಚಿ ಹಿಟ್ಲರ್ ವೇಷದಲ್ಲೇ ಜರ್ಮನಿಯ ಊರುಗಳಲ್ಲಿ ತಿರುಗಾಡಿದ. ಚಿತ್ರದಲ್ಲಿ ಕಾಣುವ ಅನೇಕರು ನಟರಲ್ಲ. ಕೆಲವರು ಸಿಡುಕಿದರು, ಬಹಳ ಮಂದಿ ಸೆಲ್ಫಿ ತೆಗೆಸಿಕೊಂಡರು, ಇನ್ನು ಕೆಲವರು ವಲಸಿಗರ ಬಗೆಗಿನ ದೂರುಗಳನ್ನು ಆ ವೇಷದ ಮುಂದೆ ಸಲೀಸಾಗಿ ತೋಡಿಕೊಂಡರು. ಎರಡು ವರ್ಷಗಳ ಬಳಿಕ, 2017ರ ಚುನಾವಣೆಯಲ್ಲಿ, ಬಲಪಂಥೀಯ ಎಎಫ್‌ಡಿ ಪಕ್ಷ ಶೇ. 12.6ರಷ್ಟು ಮತ ಗಳಿಸಿ ಸಂಸತ್ತನ್ನು ಪ್ರವೇಶಿಸಿತು.

ಈ ಕಾದಂಬರಿಯನ್ನು ಭಾರತದವರು ಓದುವಾಗ ಒಂದು ತೊಡಕಿದೆ. ವಿಡಂಬನೆ ಕೆಲಸ ಮಾಡಬೇಕಾದರೆ ಓದುಗನೊಳಗೆ ಅಂಜಿಕೆಯೊಂದು ಮೊದಲೇ ಇರಬೇಕು. ಜರ್ಮನಿಯಲ್ಲಿ 2016ರಲ್ಲಿ ‘ಮೈನ್ ಕಾಂಫ್’ ಮರುಮುದ್ರಣವಾದದ್ದು ಸುಮಾರು 3,500 ಟಿಪ್ಪಣಿಗಳ ಕಾವಲಿನಲ್ಲಿ. ಭಾರತದ ಪುಸ್ತಕದಂಗಡಿಗಳಲ್ಲಿ ಅದೇ ಪುಸ್ತಕ ಯಾವ ಕಾವಲೂ ಇಲ್ಲದೆ, ಯಶಸ್ಸಿನ ಗುಟ್ಟು ಹೇಳಿಕೊಡುವ ಕೈಪಿಡಿಗಳ ಪಕ್ಕದಲ್ಲೇ ಕೂತಿರುವುದುಂಟು.