ಕಂಪ್ಯೂಟರಿನಲ್ಲಿ ಮಿಗತೆ, ಬ್ಯಾಂಕಿನಲ್ಲಿ ಕೊರತೆ!



ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮನೆ ಕೊಂಡವರೆಲ್ಲ ಸಾಹುಕಾರರಲ್ಲ. ಊರಿನ ಜಮೀನು ಮಾರಿ, ಇಪ್ಪತ್ತು ವರ್ಷದ ಸಾಲ ತಲೆಯ ಮೇಲೆ ಹೊತ್ತವರು ನಿಮ್ಮಲ್ಲೂ ಇದ್ದೀರಿ. ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಕಟ್ಟುತ್ತೀರಿ. ಆ ಹಣ ಏನಾಯಿತು ಎಂದು ಮಾಲೀಕರ ಸಂಘದ ಸಭೆಯಲ್ಲಿ ಕೇಳಿದರೆ ಬರುವ ಉತ್ತರ ಒಂದೇ: "ಎಲ್ಲಾ ಸಾಫ್ಟ್‌ವೇರ್‌ನಲ್ಲಿದೆ, ನೋಡ್ಕೊಳ್ಳಿ ಸಾರ್!"

ನೋಡೋಣ. ನೂರು ಮನೆಯ ಕಟ್ಟಡ ಎಂದಿಟ್ಟುಕೊಳ್ಳಿ. ಮನೆಗೆ 3,000 ರೂಪಾಯಿ. ಬಿಲ್ಲು ಹೊರಟ ಕೂಡಲೇ 3 ಲಕ್ಷ ವರಮಾನ ಎಂದು ಲೆಕ್ಕಕ್ಕೆ ಬೀಳುತ್ತದೆ. ಖರ್ಚು 2,70,000. ವರದಿಯಲ್ಲಿ 30,000 ಮಿಗತೆ! ಸಮಿತಿಯವರು ಮೀಸೆ ತಿರುವುತ್ತಾರೆ. ಆದರೆ ಇಪ್ಪತ್ತು ಮನೆಯವರು ದುಡ್ಡು ಕಟ್ಟಿಯೇ ಇಲ್ಲ. ಕೈಗೆ ಬಂದದ್ದು 2,40,000. ಅಂದರೆ 30,000 ಕೊರತೆ. ಅದನ್ನು ತುಂಬಿದ್ದು ಎಲ್ಲಿಂದ? ಲಿಫ್ಟು ಬದಲಿಸಲು, ಬಣ್ಣ ಹೊಡೆಸಲು ನೀವು ಕೂಡಿಟ್ಟ ನಿಧಿಯಿಂದ! ಹನ್ನೆರಡು ತಿಂಗಳು ಹೀಗೇ ನಡೆದರೆ 3,60,000 ಮಾಯ. ಸಾಫ್ಟ್‌ವೇರು ಸುಳ್ಳು ಹೇಳಿಲ್ಲ. ನಿಮಗೆ ತೋರಿಸಿದ್ದು ಒಂದೇ ಪುಟ, ಅಷ್ಟೇ.

ಮಿಕ್ಕ ಪುಟಗಳನ್ನು ಕೇಳಿ. ನಿಜವಾಗಿ ಬಂದ ಹಣ, ಹೋದ ಹಣದ ಪಟ್ಟಿ ಕೇಳಿ. ಅದು ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆಯಾಗಲಿ. ನಿಧಿಯ ಲೆಕ್ಕ ಬೇರೆ ಇರಲಿ. ಬಾಕಿ ಪಟ್ಟಿ 30 ದಿನ, 60 ದಿನ, 90 ದಿನ ಮೀರಿದ್ದು ಎಂದು ಬೇರೆ ಬೇರೆ ಬರಲಿ. (ಹಳೇ ಬಾಕಿಯ ತಲೆಯಲ್ಲಿ, ಮಾರಾಟವಾಗದ ಮನೆಗಳ ಲೆಕ್ಕದಲ್ಲಿ ಬಿಲ್ಡರನ ಹೆಸರೇ ಕಂಡರೆ ಆಶ್ಚರ್ಯಪಡಬೇಡಿ!)

ಬರೆದದ್ದನ್ನು ಆಮೇಲೆ ಯಾರು ತಿದ್ದಿದರು, ಯಾವಾಗ ತಿದ್ದಿದರು? ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಈ ದಾಖಲೆ ಅಳಿಯದೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೀವು ಕಂಪನಿಯಲ್ಲ, ಆ ನಿಯಮ ನಿಮ್ಮ ಸಂಘಕ್ಕೆ ತಾಗುವುದಿಲ್ಲ. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ ತಾಗಿಸಿ!

ಇನ್ನು ಭಾಷೆ. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರೂ ಅದೇ ಶುಲ್ಕ ಕಟ್ಟುತ್ತಾರೆ. ವರದಿ ಅವರಿಗೆ ಅರ್ಥವಾಗುವುದು ಬೇಡವೇ? ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡ ಲಿಪಿ ಅದರಲ್ಲಿತ್ತು. "ಕನ್ನಡ ಬರೋದಿಲ್ಲ" ಎಂಬ ಸಬೂಬು ಕಂಪ್ಯೂಟರಿನದಲ್ಲ, ಮಾರುವವರದು.

ಸಭೆಯ ನೋಟಿಸು ಬಂದ ದಿನವೇ ಈ ಪಟ್ಟಿಗಳನ್ನು ಬರಹದಲ್ಲಿ ಕೇಳಿ. ನಿಮ್ಮ ಪ್ರತಿಯ ಮೇಲೆ ಕಾರ್ಯದರ್ಶಿಯ ಸಹಿ, ತಾರೀಖು ಹಾಕಿಸಿಕೊಳ್ಳಿ.